ಚಿಕ್ಕಣ್ಣನವರ ಮಗನ ವಯಸ್ಸು

ಅತ್ತಿಗುಪ್ಪೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಚಿಕ್ಕಣ್ಣನವರು ಬಹಳ ಒಳ್ಳೆಯವರು ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಅವರ ಸಾಲುಮನೆಯಲ್ಲಿ ಒಂಬತ್ತು ವರ್ಷ ಬಾಡಿಗೆಗಿದ್ದವನು ನಾನು. ಅವರ ಒಳ್ಳೆಯತನವನ್ನು ಗೋಡೆಯ ಈಚೆಯಿಂದ ದಿನವೂ ನೋಡಿದ್ದೇನೆ.

ಅವರದು ಹಳೇ ಊರಿನ ಒಕ್ಕಲು ಮನೆತನ. ವಿಜಯನಗರದ ಬಡಾವಣೆ ಏಳುವ ಮೊದಲು ಈಗ ಮಾರುಕಟ್ಟೆಯ ರಸ್ತೆ ಇರುವಲ್ಲಿ ಅವರ ರಾಗಿ ಹೊಲವಿತ್ತು. ಸರ್ಕಾರ ಜಮೀನು ತೆಗೆದುಕೊಂಡು ಪರಿಹಾರ ಕೊಟ್ಟಾಗ ಎಷ್ಟೋ ಜನ ಅದನ್ನು ಇಸ್ಪೀಟಿನಲ್ಲಿ ಕಳೆದರು. ಚಿಕ್ಕಣ್ಣ ಹಾಗೆ ಮಾಡಲಿಲ್ಲ. ಸಾಲಾಗಿ ಐದು ಮನೆ ಕಟ್ಟಿಸಿ, ಒಂದರಲ್ಲಿ ತಾವಿದ್ದು ನಾಲ್ಕನ್ನು ಬಾಡಿಗೆಗೆ ಕೊಟ್ಟರು. ಬಾಡಿಗೆ ತಡವಾದರೆ ಮುಖ ಗಂಟಿಕ್ಕುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ನಿಂತರೆ ತಮ್ಮ ಬಾವಿಯಿಂದ ಸೇದಿಕೊಳ್ಳಿ ಎನ್ನುತ್ತಿದ್ದರು. ಅವರ ಹೆಂಡತಿ ಯಶೋದಮ್ಮ ಹಬ್ಬಕ್ಕೆ ನಮ್ಮ ಮನೆಗೆ ಒಬ್ಬಟ್ಟು ಕಳಿಸುತ್ತಿದ್ದರು. ಇಷ್ಟು ಸಾಕಲ್ಲ, ಒಳ್ಳೆಯವರು ಅನ್ನಿಸಿಕೊಳ್ಳುವುದಕ್ಕೆ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಒಬ್ಬನೇ ಮಗ ಚನ್ನಕೇಶವ. ನಾನು ಹತ್ತಿರದ ಶಾಲೆಯೊಂದರಲ್ಲಿ ಗುಮಾಸ್ತ. ಪಾಠ ಹೇಳಿದವನಲ್ಲ, ಆದರೂ ಚಿಕ್ಕಣ್ಣ ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಅರವತ್ತಾರರ ಜೂನಿನಲ್ಲಿ ಆ ಮಗುವನ್ನು ಎತ್ತಿಕೊಂಡು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಶಾಲೆಗೆ ಬಂದದ್ದೇ ನಮ್ಮ ಮೊದಲ ಪರಿಚಯ. ಮಗುವಿಗೆ ಆಗ ನಾಲ್ಕೂವರೆ ವರ್ಷ. ಮನೆಯಲ್ಲಿ ಬಹಳ ಗಲಾಟೆ ಮಾಡುತ್ತಾನೆ, ಹೇಗಾದರೂ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಿ ಎಂದು ಕೇಳಿಕೊಂಡರು. ನಾನು ದಾಖಲಾತಿ ಪುಸ್ತಕ ತೆರೆದು, ಹುಟ್ಟಿದ ದಿನ ಒಂದು ಮಾರ್ಚಿ ಸಾವಿರದ ಒಂಬೈನೂರ ಅರವತ್ತು ಎಂದು ಬರೆದೆ. ಅವನು ನಿಜವಾಗಿ ಹುಟ್ಟಿದ್ದು ಅರವತ್ತೊಂದರ ದೀಪಾವಳಿ ಕಳೆದ ಮೇಲೆ.

ಅದೇನು ದೊಡ್ಡ ಅಪರಾಧವೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಎಷ್ಟೋ ಮಕ್ಕಳಿಗೆ ಹಾಗೆಯೇ ಬರೆಯುತ್ತಿದ್ದೆವು. ನಮ್ಮ ಪುಸ್ತಕ ನಂಬುವುದಾದರೆ ಅತ್ತಿಗುಪ್ಪೆಯ ಅರ್ಧ ಮಕ್ಕಳು ಮಾರ್ಚಿಗೂ ಜೂನಿಗೂ ನಡುವೆ ಹುಟ್ಟಿದವರು. ಆ ಬಾಳೆಹಣ್ಣಿನ ಪರಿಚಯದ ಮೇಲೆಯೇ ಮೂರು ವರ್ಷದ ನಂತರ ನನಗೆ ಅವರ ಮನೆ ಬಾಡಿಗೆಗೆ ಸಿಕ್ಕಿತು.

ಎಪ್ಪತ್ತೈದರಲ್ಲಿ ಚಿಕ್ಕಣ್ಣ ಯಾರೋ ಕಂಟ್ರಾಕ್ಟರರಿಂದ ಒಂದು ಹಳೆಯ ಅಂಬಾಸಿಡರ್ ಕಾರು ಕೊಂಡರು. ಓಡಿಸಲು ಕಲಿಯಲು ಹೋಗಿ, ಎರಡನೆಯ ದಿನವೇ ಮೋರಿಗೆ ಇಳಿಸಿ, ಆಮೇಲೆ ಸ್ಟಿಯರಿಂಗ್ ಮುಟ್ಟಲಿಲ್ಲ. ಡ್ರೈವರನ್ನಾದರೂ ಇಟ್ಟುಕೊಳ್ಳಬಹುದಿತ್ತು. ಮಗನಿರುವಾಗ ಹೊರಗಿನವನು ಯಾಕೆ ಎಂದರು. ಮಗನಿಗೆ ಆಗ ಹದಿನಾಲ್ಕು ತುಂಬಿರಲಿಲ್ಲ. ಸೀಟಿನ ಮೇಲೆ ಒಂದು ತಲೆದಿಂಬು ಹಾಕಿ ಕೂರಿಸಿದರು. ಹುಡುಗ ಚೂಟಿ, ಒಂದು ತಿಂಗಳಲ್ಲಿ ಕಲಿತುಬಿಟ್ಟ. ಎಂಟನೇ ಕ್ಲಾಸಿನಲ್ಲಿ ನಪಾಸಾಗಿದ್ದನ್ನು ಯಾರೂ ಲೆಕ್ಕಕ್ಕಿಡಲಿಲ್ಲ; ಕಾರು ಓಡಿಸುತ್ತಾನೆ ಎಂದು ಬೀದಿಯೇ ಹೊಗಳಿತು. ಮೂಲೆಯಲ್ಲಿ ನಿಲ್ಲುವ ಪೊಲೀಸಿನವನು ನಕ್ಕು ಕೈಯೆತ್ತುತ್ತಿದ್ದ. ನನ್ನ ಮಗಳ ನಾಮಕರಣಕ್ಕೆ ನನ್ನ ಹೆಂಡತಿ ಅಲಮೇಲುವನ್ನು ತವರಿನಿಂದ ಕರೆತಂದದ್ದೂ ಅದೇ ಕಾರಿನಲ್ಲಿ, ಅದೇ ಹುಡುಗ. ನಾನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದೆ.

ಚಿಕ್ಕಣ್ಣ ಕುಡಿಯುತ್ತಿದ್ದರು, ಆದರೆ ಬೀದಿಯಲ್ಲಿ ಬೀಳುವವರಲ್ಲ. ಸಂಜೆ ಮೈಸೂರು ರಸ್ತೆಯ ಬ್ರಾಂದಿ ಅಂಗಡಿಗೆ ಮಗನೇ ಕರೆದುಕೊಂಡು ಹೋಗಿ ಮಗನೇ ಕರೆತರಬೇಕು. ಮೊದಮೊದಲು ಹುಡುಗ ಕಾರಿನಲ್ಲೇ ಕೂತು ಸೋಡಾ ಕುಡಿಯುತ್ತಿದ್ದ. ಆಮೇಲೆ ಒಳಗೆ ಕೂತು ಕಡಲೆಬೀಜ ತಿನ್ನತೊಡಗಿದ. ಅದಾದ ಮೇಲೆ ಅವನ ಸೋಡಾಕ್ಕೆ ಸ್ವಲ್ಪ ಬಣ್ಣ ಬಂತು. ಇದನ್ನು ಚಿಕ್ಕಣ್ಣನೇ ಜಗುಲಿಯಲ್ಲಿ ಕೂತು ನಗುನಗುತ್ತ ಹೇಳುತ್ತಿದ್ದರು. ಹೊರಗೆಲ್ಲೋ ಕದ್ದು ಕಲಿಯುವುದಕ್ಕಿಂತ ಅಪ್ಪನ ಎದುರಿಗೇ ಕಲಿಯುವುದು ವಾಸಿ ಎಂಬುದು ಅವರ ವಾದ. ನಾವು ನಾಲ್ಕೂ ಮನೆಯವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆವು. ಬಾಡಿಗೆ ಮನೆಯಲ್ಲಿರುವವನ ತಲೆ ಬೇರೆ ಯಾವ ಕಡೆಗೂ ಆಡುವುದಿಲ್ಲ.

ಎಪ್ಪತ್ತೆಂಟರ ಮಾರ್ಚಿಯಲ್ಲಿ ಚಿಕ್ಕಣ್ಣ ಶಾಲೆಗೆ ಬಂದು ಮಗನ ವಯಸ್ಸಿನ ಸರ್ಟಿಫಿಕೇಟು ಕೇಳಿದರು, ಲೈಸೆನ್ಸಿಗೆ. ಪುಸ್ತಕದ ಪ್ರಕಾರ ಹದಿನೆಂಟು ತುಂಬಿತ್ತು. ಹುಡುಗ ನನ್ನ ಕಣ್ಣೆದುರಿಗೇ ನಿಂತಿದ್ದ, ಮೀಸೆಯಿನ್ನೂ ಸರಿಯಾಗಿ ಮೂಡಿರಲಿಲ್ಲ, ಎರಡನೆಯ ಸಲ ಎಸ್ಸೆಸ್ಸೆಲ್ಸಿಗೆ ಕೂರುವವನಿದ್ದ. ನಾನು ಬರೆದು, ಹೆಡ್‌ಮಾಸ್ಟರರ ರುಜು ಹಾಕಿಸಿ, ಸೀಲು ಒತ್ತಿ ಕೊಟ್ಟೆ. ನನ್ನ ಮೇಲೆ ನನಗೆ ಅಸಹ್ಯವಾಗುವುದು ಈ ಸೀಲಿನಿಂದಲೇ.

ಆ ವರ್ಷ ಯುಗಾದಿ ಶನಿವಾರ ಬಂತು. ಮಾರನೆಯ ಭಾನುವಾರ ಹೊಸತೊಡಕು. ಆ ದಿನ ಅವರ ಮನೆಗಳಲ್ಲಿ ಬಾಡೂಟ. ಬೆಳಿಗ್ಗೆಯೇ ಎಲ್ಲರೂ ಸೇರಿ ಮರಿ ಕೊಯ್ದು, ಪಾಲು ಹಾಕಿ ಮನೆಮನೆಗೆ ಹಂಚಿಕೊಳ್ಳುತ್ತಾರೆ. ಕೊಟ್ಟ ಹೆಣ್ಣುಮಕ್ಕಳ ಮನೆಗೂ ಸಾರು ಹೋಗಬೇಕು. ಆ ದಿನ ಏನು ಮಾಡಿದರೆ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ ಇದೆ. ಹಾಗಾಗಿ ಯಾರೂ ಅಳುವುದಿಲ್ಲ, ಜಗಳವಾಡುವುದಿಲ್ಲ. ನಾನು ಮಾಂಸ ತಿನ್ನದ ಮನೆಯವನಾದರೂ ಅವರ ಊಟದ ಬಗ್ಗೆ ನನಗೆ ಯಾವತ್ತೂ ತಕರಾರಿರಲಿಲ್ಲ. ನನಗೆ ತಕರಾರಿರುವುದು ಆ ದಿನ ಹಿತ್ತಲಿನ ಚಾಪೆಯ ಮೇಲೆ ನಡೆದದ್ದರ ಬಗ್ಗೆ.

ಮಧ್ಯಾಹ್ನ ಒಂದು ಗಂಟೆ. ನಾನು ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ನಡುವೆ ಸೊಂಟದ ಎತ್ತರದ ಗೋಡೆ. ಆಚೆ ಚಾಪೆಯ ಮೇಲೆ ಚಿಕ್ಕಣ್ಣ ಮತ್ತು ಇಬ್ಬರು ನೆಂಟರು, ಮಧ್ಯೆ ಬಾಟಲಿ. ಚಿಕ್ಕಣ್ಣ ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅವನಿಗೂ ಒಂದು ಸ್ಟೀಲಿನ ಲೋಟ ಇಟ್ಟು ತಾವೇ ಸುರಿದರು. ಲೈಸೆನ್ಸು ಬಂತು, ಇನ್ನು ನೀನು ಗಂಡಸರ ಸಾಲಿನವನು, ಈವತ್ತು ಕೂತರೆ ವರ್ಷವೆಲ್ಲ ನನ್ನ ಜೊತೆ ಕೂತ ಹಾಗೆ ಎಂದರು. ಹುಡುಗ ನನ್ನ ಕಡೆ ನೋಡಿ ನಾಚಿಕೊಂಡ. ಚಿಕ್ಕಣ್ಣನೂ ನೋಡಿ, ಮೇಷ್ಟ್ರೇ ನಿಮಗೆ ಪಾನಕ ಕಳಿಸಲೇ ಎಂದು ತಮಾಷೆ ಮಾಡಿದರು. ನಾನು ನಕ್ಕೆ. ಹುಡುಗ ಎರಡು ಲೋಟ ಮುಗಿಸಿದ್ದನ್ನು ಎಣಿಸಿಕೊಂಡೇ ನಾನು ಒಳಗೆ ಹೋದದ್ದು.

ಸ್ವಲ್ಪ ಹೊತ್ತಿಗೆ ಯಶೋದಮ್ಮ ಸಾರಿನ ಕ್ಯಾರಿಯರ್ ಕಟ್ಟಿದರು. ಕೆಂಗೇರಿಯಲ್ಲಿದ್ದ ಚಿಕ್ಕಣ್ಣನ ತಂಗಿ ಲಕ್ಷ್ಮಿದೇವಮ್ಮನ ಮನೆಗೆ ಅದು ಹೋಗಬೇಕಿತ್ತು. ಬಸ್ಸಿನಲ್ಲಿ ಬೇರೆ ಯಾರನ್ನಾದರೂ ಕಳಿಸೋಣ ಎಂದು ಆಕೆ ಅಂದದ್ದು ನನಗೆ ಕೇಳಿಸಿತು. ಹಬ್ಬದ ದಿನ ತಂಗಿಯ ಮನೆಗೆ ಮಗನೇ ಕಾರಿನಲ್ಲಿ ತಂದುಕೊಟ್ಟರೆ ಮರ್ಯಾದೆ ಎಂದು ಚಿಕ್ಕಣ್ಣ ಕೀಲಿಕೈ ಎಸೆದರು. ಹುಡುಗ ಗಾಳಿಯಲ್ಲೇ ಹಿಡಿದದ್ದನ್ನು ನಾನು ಕಿಟಕಿಯಿಂದ ನೋಡಿದೆ. ನೆಂಟರು ಶಹಬ್ಬಾಸ್ ಎಂದರು.

ಬ್ಯಾಟರಾಯನಪುರ ದಾಟಿದ ಮೇಲೆ ಕಾರು ರಸ್ತೆ ಬಿಟ್ಟು ಎಡಕ್ಕೆ ನುಗ್ಗಿತು. ಅಲ್ಲಿ ತಿಮ್ಮಯ್ಯ ಸೈಕಲ್ಲು ತಳ್ಳಿಕೊಂಡು ಮನೆಗೆ ಹೋಗುತ್ತಿದ್ದ. ವಿಜಯನಗರದಲ್ಲಿ ಹಸು ಕಟ್ಟಿದ ಮನೆಗಳಿಗೆ ಹಸಿಹುಲ್ಲು ತಂದುಕೊಡುತ್ತಿದ್ದವನು ಅವನು, ಐವತ್ತು ದಾಟಿದವನು, ಎಲ್ಲರಿಗೂ ಗೊತ್ತಿದ್ದವನು. ಕಾರು ಅವನನ್ನು ಸೈಕಲ್ಲಿನ ಸಮೇತ ಮೈಲಿಗಲ್ಲಿಗೆ ಒತ್ತಿತು. ದೊಡ್ಡಾಸ್ಪತ್ರೆಯಲ್ಲಿ ಎಡಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು. ಚನ್ನಕೇಶವನಿಗೆ ಹಣೆ ಒಡೆದಿತ್ತು, ಬಾಯಲ್ಲಿ ವಾಸನೆ ಇತ್ತು. ಪೊಲೀಸರು ಹಿಡಿದುಕೊಂಡು ಹೋಗಿ, ಎರಡು ದಿನದ ಮೇಲೆ ಜಾಮೀನಿನಲ್ಲಿ ಬಿಟ್ಟರು.

ಚಿಕ್ಕಣ್ಣ ಆಸ್ಪತ್ರೆಗೆ ಹೋದರು. ನಾನೂ ಜೊತೆಗಿದ್ದೆ. ತಿಮ್ಮಯ್ಯನ ಹೆಂಡತಿ ಹಾಸಿಗೆಯ ಕಾಲಬುಡದಲ್ಲಿ, ಗಂಡನ ಕಾಲು ಇರಬೇಕಾಗಿದ್ದ ಜಾಗದಲ್ಲಿ, ಕೈಯಿಟ್ಟು ಕೂತಿದ್ದಳು. ಚಿಕ್ಕಣ್ಣ ಬನ್ನಿನ ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, ಎಲ್ಲಾ ಗ್ರಹಚಾರ ಕಣಮ್ಮ, ಹಬ್ಬದ ದಿನ ರಸ್ತೆಯಲ್ಲಿ ಹುಷಾರಾಗಿರಬೇಕಿತ್ತು ಎಂದರು. ತಿಮ್ಮಯ್ಯ ಆ ಮಾತಿಗೂ ಮಲಗಿದಲ್ಲಿಂದಲೇ ಕೈ ಮುಗಿದ. ನಾನು ವರಾಂಡಕ್ಕೆ ಬಂದು ಉಗುಳಿದೆ.

ಆ ವಾರವೇ ಒಂದು ಸಂಜೆ ಚಿಕ್ಕಣ್ಣ ನನ್ನನ್ನು ತಮ್ಮ ಮನೆಗೆ ಕರೆಸಿಕೊಂಡರು. ನಡುಮನೆಯಲ್ಲಿ ಬೆಂಚಿನ ಮೇಲೆ ಕೂರಿಸಿ ಕಾಫಿ ಕೊಡಿಸಿದರು. ಚನ್ನಕೇಶವ ಹಣೆಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದ. ಯಶೋದಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ವಕೀಲರನ್ನು ನೋಡಿ ಬಂದೆ ಎಂದು ಚಿಕ್ಕಣ್ಣ ಶುರುಮಾಡಿದರು. ಹುಡುಗನಿಗೆ ಹದಿನೆಂಟು ಎಂದಾದರೆ ದೊಡ್ಡವರ ಜೊತೆ ಜೈಲು, ಚಿಕ್ಕವನು ಎಂದು ರುಜುವಾತಾದರೆ ಅದು ತಪ್ಪಬಹುದಂತೆ. ಅದಕ್ಕೆ ಶಾಲೆಯಿಂದ ಒಂದು ಕಾಗದ ಬೇಕು. ಹುಟ್ಟಿದ ದಿನವನ್ನು ಗುಮಾಸ್ತನಾದ ನಾನು ಕೈತಪ್ಪಿ ಬರೆದೆ, ನಿಜವಾದ ವಯಸ್ಸು ಹದಿನಾರು, ಇದು ತಂದೆಗೆ ಗೊತ್ತಿರಲಿಲ್ಲ ಎಂದು ನಾನು ಬರೆದುಕೊಡಬೇಕು. ಮಗ ಕುಡಿಯುವುದೂ, ಹೇಳದೆ ಕಾರು ತೆಗೆದುಕೊಂಡು ಹೋದದ್ದೂ ತಂದೆಗೆ ಗೊತ್ತಿರಲಿಲ್ಲವಂತೆ. ಅದನ್ನು ವಕೀಲರು ನೋಡಿಕೊಳ್ಳುತ್ತಾರಂತೆ.

ನಾನು ಕಾಫಿ ಲೋಟ ಕೆಳಗಿಟ್ಟೆ. ಹನ್ನೆರಡು ವರ್ಷದಲ್ಲಿ ಈ ಮನುಷ್ಯ ನನ್ನಿಂದ ಕೇಳಿದ ಮೊದಲನೆಯ ನಿಜ ಅದು, ಅದನ್ನೂ ಸುಳ್ಳಿನೊಳಗೆ ಸುತ್ತಿ ಕೇಳುತ್ತಿದ್ದರು. ನನ್ನ ಕೆಲಸಕ್ಕೆ ಸಂಚಕಾರ ಬರುವುದು ಗೊತ್ತಿತ್ತು. ಆದರೂ ಹುಡುಗ ಹದಿನಾರರವನೇ. ಆಸ್ಪತ್ರೆಯ ವರಾಂಡದಲ್ಲಿ ಉಗುಳಿದಾಗಿನಿಂದ ನನ್ನ ಬಾಯಿ ಕಹಿಯಾಗಿಯೇ ಇತ್ತು.

"ಬರ್ಕೊಡ್ತೀನಿ ಚಿಕ್ಕಣ್ಣನೋರೆ," ಎಂದೆ. "ಆದ್ರೆ ಕೈತಪ್ಪಿ ಅಂತ ಬರಿಯಲ್ಲ. ನೀವು ಕೇಳಿದ್ರಿ, ನಾನು ಬೇಕಂತ್ಲೇ ಬರ್ದೆ ಅಂತ ಬರಿತೀನಿ. ಅದರ ಕೆಳಗೆ ನೀವೂ ಬರೀಬೇಕು. ಅವತ್ತು ಕುಡಿಸ್ದೋನು ನಾನು, ಕೀಲಿ ಕೊಟ್ಟೋನು ನಾನು ಅಂತ. ಇಬ್ರೂ ರುಜು ಹಾಕೋಣ."

ಚಿಕ್ಕಣ್ಣನಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ಹಾಗೆ ಬರೆದರೆ ತಮಗೇನಾಗುತ್ತದೆ ಎಂದು ಕೇಳಿದರು. ನನಗೆ ಕಾನೂನು ಗೊತ್ತಿಲ್ಲ, ತಿಮ್ಮಯ್ಯನ ಕಾಲಿಗೆ ನೀವು ಜವಾಬ್ದಾರರಾಗುತ್ತೀರಿ, ಮಗನ ಭಾರ ಕಮ್ಮಿಯಾಗುತ್ತದೆ ಎಂದೆ. ಯಶೋದಮ್ಮ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದು, ಬರ್ಕೊಡಿ ಎಂದು ಗಂಡನಿಗೆ ಹೇಳಿದರು. ಆಕೆಯ ದನಿ ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಎದ್ದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಚಿಕ್ಕಣ್ಣ ಹೆಗಲ ಮೇಲಿನ ಟವೆಲ್ಲನ್ನು ತೆಗೆದು, ಕೊಡವಿ, ಮತ್ತೆ ಹಾಕಿಕೊಂಡರು.

"ಹಂಗಾದ್ರೆ ಹದಿನೆಂಟೇ ಇರ್ಲಿ ಬಿಡಿ ಮೇಷ್ಟ್ರೆ," ಎಂದರು. "ಊರಲ್ಲಿ ನನಗೊಂದು ಹೆಸರೈತೆ."

ಮಗ ಅಲ್ಲೇ ಇದ್ದ, ನಾಲ್ಕು ಹೆಜ್ಜೆ ದೂರದಲ್ಲಿ. ಅವನ ಹೆಸರಿನ ಎದುರಿಗಿದ್ದ ಸುಳ್ಳು ವಯಸ್ಸನ್ನು, ಅದರ ಜೊತೆಗಿದ್ದ ಜೈಲನ್ನು, ಅಪ್ಪ ಅಷ್ಟು ಸಲೀಸಾಗಿ ಅವನ ತಲೆಗೆ ಬಿಟ್ಟಿದ್ದರು. ಹುಡುಗ ಅಳುತ್ತಾನೆ ಎಂದುಕೊಂಡೆ. ಅವನು ಅಳಲಿಲ್ಲ. ಅಪ್ಪನಿಗೆ ಸಮಾಧಾನ ಹೇಳುವವನಂತೆ ಮೆಲ್ಲಗೆ ಮಾತಾಡಿದ.

"ಸ್ಟೇಷನ್ನಲ್ಲಿ ಎಷ್ಟು ಹೊಡೆದ್ರೂ ನಿನ್ ಹೆಸ್ರು ಹೇಳಿಲ್ಲ ಕಣಪ್ಪ. ನಾನೇ ಕದ್ದು ಕುಡ್ದೆ ಅಂದೆ."

"ಒಳ್ಳೆ ಕೆಲ್ಸ ಮಾಡ್ದೆ," ಎಂದರು ಚಿಕ್ಕಣ್ಣ.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಮಾರನೆಯ ಬೆಳಿಗ್ಗೆ ನನ್ನ ಪಾಲಿನದನ್ನೆಲ್ಲ ಬರೆದು ಸ್ಟೇಷನ್ನಿಗೆ ಕೊಟ್ಟೆ: ಬಾಳೆಹಣ್ಣು, ಮಾರ್ಚಿ ಒಂದು, ಲೈಸೆನ್ಸಿನ ಸರ್ಟಿಫಿಕೇಟು, ಹಿತ್ತಲಿನ ಎರಡು ಲೋಟ. ಶಾಲೆಯವರು ಆರು ತಿಂಗಳು ನನ್ನನ್ನು ಮನೆಯಲ್ಲಿ ಕೂರಿಸಿದರು. ಚಿಕ್ಕಣ್ಣ ಮನೆ ಖಾಲಿ ಮಾಡಿಸಿದರು. ಕೇಸು ನಡೆದ ದಿನ ತಿಮ್ಮಯ್ಯ ಊರುಗೋಲಿನ ಮೇಲೆ ಬಂದಿದ್ದ, ಚಿಕ್ಕಣ್ಣ ಇಸ್ತ್ರಿ ಮಾಡಿದ ಪಂಚೆಯಲ್ಲಿ ಬಂದಿದ್ದರು. ನನ್ನ ಕಾಗದದಿಂದ ಹುಡುಗನ ವಯಸ್ಸು ಹದಿನಾರು ಎಂದು ಸಾಬೀತಾಯಿತು. ಉಳಿದದ್ದು ಬಾಡಿಗೆಯ ಜಗಳಕ್ಕೆ ಕಟ್ಟಿದ ಕಥೆ ಎಂದು ಚಿಕ್ಕಣ್ಣನ ವಕೀಲರು ವಾದಿಸಿದರು. ಕುಡಿಯಲು ಕೊಟ್ಟವರು ಯಾರು ಎಂದು ನ್ಯಾಯಾಧೀಶರು ಹುಡುಗನನ್ನೇ ಕೇಳಿದರು. ಚನ್ನಕೇಶವ ತಿಮ್ಮಯ್ಯನ ಕಡೆ ಒಂದು ಸಲ ನೋಡಿದ. ಆಮೇಲೆ ಅಪ್ಪನ ಕಡೆ ನೋಡಿದ. ಯಾರೂ ಕೊಡಲಿಲ್ಲ, ನಾನೇ ಕದ್ದು ಕುಡಿದೆ ಎಂದ.