ಟೈಲರಮ್ಮ ಹೇಳಿಕೊಟ್ಟ ಉತ್ತರಗಳು

ಬೀದಿಯವರಿಗೆಲ್ಲ ಆಕೆ ಟೈಲರಮ್ಮ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಗಂಡನಿಗೆ ಮರೆವಿನ ಕಾಯಿಲೆ, ಅಲ್ಝೈಮರ್, ಎಂದು ತಿಳಿದ ಹೊತ್ತಿಗೆ ಆಸ್ಪತ್ರೆಯಲ್ಲಿ ಹೊಸ ಔಷಧಿಯೊಂದರ ಪ್ರಯೋಗ ಶುರುವಾಗಿತ್ತು. ಅರ್ಧ ಜನಕ್ಕೆ ಔಷಧಿ, ಉಳಿದವರಿಗೆ ಬರೀ ಉಪ್ಪುನೀರಿನ ಡ್ರಿಪ್. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. “ನನಗಾಗದಿದ್ರೆ ಇನ್ಯಾರಿಗಾದ್ರೂ ಆಗ್ಲಿ ಬಿಡೇ,” ಎಂದು ಗಂಡನೇ ಸಹಿ ಹಾಕಿದ್ದ.

ಎರಡು ವಾರಕ್ಕೊಮ್ಮೆ, ಗುರುವಾರ, ಎರಡು ಬಸ್ಸು ಹತ್ತಿಳಿದು ಹೋಗಬೇಕು. ಮೂರು ತಿಂಗಳಿಗೊಮ್ಮೆ ನೆನಪಿನ ಪರೀಕ್ಷೆ. ಅದರ ಹಿಂದಿನ ದಿನ ಟೈಲರಮ್ಮ ಹೊಲಿಗೆ ಬಿಟ್ಟು ಗಂಡನಿಗೆ ಪಾಠ ಹೇಳುತ್ತಿದ್ದಳು.

“ನಾಳೆ ಯಾವ ವಾರ ರೀ?”

“ಬುಧವಾರ.”

“ಗುರುವಾರ!”

“ಒಂದಿನ ಆಚೀಚೆ ಆದ್ರೇನೇ? ನನ್ನ ಬಸ್ಸು ಯಾವತ್ತಾದ್ರೂ ಹೊತ್ತಿಗೆ ಸರಿಯಾಗಿ ಬಂದಿತ್ತಾ?”

ಆಸ್ಪತ್ರೆಯಲ್ಲಿ ನರ್ಸು ಆಕೆಯನ್ನು ಬೇರೆ ಕೂರಿಸಿ ಕೇಳುತ್ತಿದ್ದಳು. ಸ್ನಾನ ಅವರೇ ಮಾಡ್ತಾರಾ? ಮಾಡ್ತಾರೆ. ಬಟ್ಟೆ? ಹಾಕ್ಕೋತಾರೆ. ನೀರು ಹೊಯ್ದು, ಮೈ ಒರೆಸಿ, ಗುಂಡಿ ಹಾಕುತ್ತಿದ್ದವಳು ಟೈಲರಮ್ಮನೇ.

ಹದಿನೈದನೇ ತಿಂಗಳ ಪರೀಕ್ಷೆ ಮುಗಿದಾಗ ನರ್ಸು ನಕ್ಕಳು. “ಯಜಮಾನ್ರ ನೆನಪು ಅಷ್ಟೇನೂ ಇಳಿದಿಲ್ಲಮ್ಮ. ಇಂಥವರನ್ನ ನೋಡಿಯೇ ಔಷಧಿ ಬೇರೆಯವರಿಗೆ ಕೊಡಬಹುದಾ ಅಂತ ತೀರ್ಮಾನ ಮಾಡೋದು.”

ತಾನು ಹೇಳಿಕೊಟ್ಟ ಉತ್ತರ ಬೇರೆಯವರ ಔಷಧಿಗೂ ಲೆಕ್ಕವಾಗುತ್ತದೆಂದು ಆಕೆಗೆ ಆಗಲೇ ಹೊಳೆದದ್ದು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗಂಡ ಮರ್ಯಾದೆಯಿಂದ ಕೇಳಿದ: “ತಾವು ಎಲ್ಲಿ ಇಳೀಬೇಕಮ್ಮಾ?”

ಮುಂದಿನ ಸರದಿಯ ಗುರುವಾರ ಟೈಲರಮ್ಮ ನರ್ಸಿನ ಮುಂದೆ ಎಲ್ಲ ಬಾಯಿಬಿಟ್ಟಳು. “ನಾನೇ ಉತ್ತರ ಬಾಯಿಪಾಠ ಮಾಡಿಸ್ತಿದ್ದೆ. ನಾನು ಹೇಳಿದ್ದೂ ಸುಳ್ಳು.”

“ಯಾಕಮ್ಮಾ?”

“ಎಲ್ಲಿ ಪ್ರಯೋಗದಿಂದ ತೆಗೆದುಬಿಡ್ತೀರೋ ಅಂತ. ಆಮೇಲೆ… ಚೆನ್ನಾಗಿದ್ದಾರೆ ಅಂತ ನೀವು ಬರ್ಕೊಂಡ್ರೆ ನನಗೂ ಒಂಚೂರು ನಂಬಿಕೆ ಬರ್ತಿತ್ತು. ಸಾಕಾಗಿದೆ ತಾಯಿ.”

ಡಾಕ್ಟರು ಬೈಯಲಿಲ್ಲ. ಹಳೆಯ ಉತ್ತರಗಳನ್ನು ನೆಚ್ಚುವಂತಿಲ್ಲ ಎಂದು ಕಡತದಲ್ಲಿ ಬರೆದರು. ಅಂದಿನಿಂದ ಆಕೆ ಇದ್ದದ್ದನ್ನು ಇದ್ದಂತೆ ಹೇಳಿದಳು.

ಪ್ರಯೋಗ ಮುಗಿದು ಕೆಲವು ತಿಂಗಳಿಗೆ ಕರೆದು ಹೇಳಿದರು: ಔಷಧಿಯಿಂದ ಯಾರಿಗೂ ಹೇಳಿಕೊಳ್ಳುವಂಥ ಗುಣ ಕಂಡಿಲ್ಲ. ಆಕೆಯ ಗಂಡನಿಗೆ ಸಿಕ್ಕಿದ್ದಂತೂ ಉಪ್ಪುನೀರು. ಹತ್ತಿಳಿದ ಬಸ್ಸುಗಳನ್ನು ನೆನೆದರೂ ಟೈಲರಮ್ಮನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ತ್ರಾಣ ಬೇಕು. “ಸದ್ಯ, ನನ್ನ ಸುಳ್ಳು ನಂಬಿ ಯಾರೂ ಕೆಡಲಿಲ್ಲ,” ಎಂದಷ್ಟೇ ಅಂದಳು.

ಮರುದಿನ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಬಿಸಿಲು ಹಾಸಿಗೆಗೆ ಬರುವವರೆಗೂ ಮಲಗಿದ್ದರು.