ಆಟದೊಳಗೆ ಉಳಿದ ಸ್ವರ

ಕೊರೊನಾ ಕಳೆದು ಶಾಲೆಗಳು ಮತ್ತೆ ಹಳೆಯ ಲಯಕ್ಕೆ ಬಂದ ವರ್ಷ. ನಾನಾಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳ ಶಾಲೆಗಳಿಗೆ ಆಪ್ತ ಸಮಾಲೋಚಕಿ. ಕೌನ್ಸೆಲರ್ ಎಂದರೆ ಬೇಗ ತಿಳಿಯುತ್ತದೆ. ಮನೆಯಲ್ಲಿ ಹೇಳಲಾಗದ್ದನ್ನು ಮಕ್ಕಳು ಹೇಳುವಾಗ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುವ ಕೆಲಸ. ನನ್ನೆದುರು ಕುಳಿತವರು ಹೆಚ್ಚಾಗಿ ಅತ್ತೇ ಎದ್ದು ಹೋಗುತ್ತಿದ್ದುದರಿಂದ ಮಕ್ಕಳು ನನಗೆ 'ಅಳಿಸುವ ಮೇಡಂ' ಎಂದು ಹೆಸರಿಟ್ಟಿದ್ದರು. ಅವರ ಸಂಕಟಗಳೆಲ್ಲ ಸೇವೆಯ ಕೊನೆಗೆ ಒಂದರೊಳಗೊಂದು ಕಲಸಿಹೋಗಿವೆ. ಹಾಗೆ ಕಲಸದೆ ಬೇರೆಯಾಗಿ ನಿಂತಿರುವುದು ಒಂದು ಸ್ವರ ಮಾತ್ರ.

ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದ ಕೆಲವು ಹುಡುಗರು ಸೇರಿ ಒಂದು ಮೊಬೈಲ್ ಗೇಮ್ ಮಾಡಿದ್ದರು. ಆಡುವವನು ಚಾರ್ಮಾಡಿ ಘಾಟಿಯ ಹಾಗಿರುವ ರಸ್ತೆಯಲ್ಲಿ ಜೀಪು ಓಡಿಸಿಕೊಂಡು ಮೇಲೆ ಹೋಗಬೇಕು. ತಿರುವುಗಳಲ್ಲಿ ಪ್ರೇತವಾದ ಬಿಳಿ ಸೀರೆಯ ಹೆಂಗಸೊಬ್ಬಳು ನಿಂತು ಕರೆಯುತ್ತಾಳೆ. ನಿಲ್ಲಿಸಿದರೆ ಪಕ್ಕದ ಸೀಟಿಗೆ ಬಂದು ಕೂರುತ್ತಾಳೆ. ಮುಂದಿನ ತಿರುವಿಗೆ ಸೆರಗು ಜಾರುತ್ತದೆ, ಅಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಆಮೇಲೆ ಕಾಣಲು ಏನೂ ಇಲ್ಲ. ಬಳೆಯ ಸದ್ದು, ಉಸಿರು ಮತ್ತು ಕಿವಿಗೇ ಬಾಯಿಟ್ಟು ಆಡಿದಂಥ ಮಾತು: "ಬಾ… ಬಾ. ಹತ್ತಿರ ಬಾ. ಹೆದರಬೇಡ."

ಈ ಆಟದ ನೆತ್ತಿಯ ಮೇಲೆ '12+' ಎಂದು ಬರೆದಿತ್ತು.

ಆ ಅಂಕಿ ಎಲ್ಲಿಂದ ಬರುತ್ತದೆ ಎಂಬುದು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ಸಿನಿಮಾಕ್ಕಾದರೆ ನಾಲ್ಕು ಜನ ಕುಳಿತು ನೋಡಿ ಸರ್ಟಿಫಿಕೇಟ್ ಕೊಡುತ್ತಾರೆ. ಫೋನಿನ ಗೇಮಿಗೆ ಹಾಗಲ್ಲ. ಮಾಡಿದವರೇ ಒಂದು ಪ್ರಶ್ನಾವಳಿಗೆ ಉತ್ತರಿಸಬೇಕು. ರಕ್ತ ಇದೆಯೇ, ಬತ್ತಲೆ ಇದೆಯೇ, ಕೆಟ್ಟ ಮಾತು ಇದೆಯೇ ಎಂದು ಅದು ಕೇಳುತ್ತದೆ. ಉತ್ತರಗಳನ್ನು ಕೂಡಿಸಿ ಕಂಪ್ಯೂಟರೇ ಏಳು, ಹನ್ನೆರಡು, ಹದಿನಾರು, ಹದಿನೆಂಟು ಎಂದು ಮುದ್ರೆ ಒತ್ತುತ್ತದೆ. ದೂರು ಬಂದ ಮೇಲಷ್ಟೇ ಮನುಷ್ಯರ ಕಣ್ಣು ಬೀಳುವುದು.

ದೂರು ಬಂತು. ಬೆಳ್ತಂಗಡಿಯ ಏಳನೇ ಕ್ಲಾಸಿನ ಮಕ್ಕಳ ಫೋನಿನಲ್ಲಿ ಆಟ ಕಂಡಿತು. ಬಂಟ್ವಾಳದಲ್ಲಿ ಘೋಷಣೆ ಕೂಗಿದರು. ಕೆಲವರಿಗೆ ಸಿಟ್ಟು ಸೆರಗಿನ ಮೇಲೆ, ಇನ್ನು ಕೆಲವರಿಗೆ ಊರಿನ ಘಾಟಿಯ ಮರ್ಯಾದೆ ಹೋಯಿತೆಂದು. ಮಕ್ಕಳ ಕೈಗೆ ಫೋನು ಕೊಟ್ಟವರು ಯಾರು ಎಂದು ಕೇಳಿದವರ ಬಾಯಿಯನ್ನು ಉಳಿದವರು ಮುಚ್ಚಿಸಿದರು. ಗೇಮ್ ಮಾಡಿದ ಹುಡುಗರು ಹೆದರಿ ಆಫೀಸಿಗೆ ಬೀಗ ಹಾಕಿ, ಫೋನ್ ಸ್ವಿಚ್ ಆಫ್ ಮಾಡಿ ಮಾಯವಾದರು. ಸಿಟ್ಟು ತೀರಿಸಿಕೊಳ್ಳಲು ಯಾರೂ ಸಿಗದ ಹೊತ್ತಿನಲ್ಲಿ, ಪಾಣೆಮಂಗಳೂರಿನ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಅಣ್ಣನ ಫೋನಿಗೆ ಕಿವಿಕೊಟ್ಟು ಖುಷಿಯಿಂದ ಕೂಗಿದಳಂತೆ, "ಅಮ್ಮಾ, ಇದು ನಮ್ಮ ಟೀಚರ್!"

ಟೀಚರ ಹೆಸರು ಹರಿಣಾಕ್ಷಿ. ಘಾಟಿಯ ಕೆಳಗಿನ ಕಾಡಂಚಿನ ಊರು ನೆರಿಯದ ಹುಡುಗಿ, ಮದುವೆಯಾಗಿ ಪಾಣೆಮಂಗಳೂರಿಗೆ ಬಂದವರು, ಒಂದನೇ ಕ್ಲಾಸಿನ ಮಕ್ಕಳ ಅಚ್ಚುಮೆಚ್ಚು. ಎರಡು ದಿನದಲ್ಲಿ ಅವರ ಹೆಸರು ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಅವರನ್ನು ತೆಗೆಯದಿದ್ದರೆ ಮಕ್ಕಳನ್ನು ಕಳುಹಿಸುವುದಿಲ್ಲ ಎಂದು ಪೋಷಕರು ಹಟ ಹಿಡಿದರು. ಮುಖ್ಯೋಪಾಧ್ಯಾಯರಾದ ಜಿನರಾಜ ಮಾಸ್ಟ್ರು ಪೋಷಕರ ಸಭೆ ಕರೆದು, ಅದಕ್ಕೆ ಮೊದಲು ಟೀಚರೊಂದಿಗೆ ಮಾತಾಡಲು ನನ್ನನ್ನು ಕರೆಸಿದರು.

"ಸ್ವರ ತನ್ನದೇ ಅಂತ ಒಪ್ತಾರೆ, ಗೇಮಿಗೆ ಮಾತಾಡ್ಲಿಲ್ಲ ಅಂತಲೂ ಹೇಳ್ತಾರೆ. ಎರಡೂ ಸರಿಯಾಗ್ಲಿಕ್ಕೆ ಹೇಗೆ ಸಾಧ್ಯ ಮೇಡಂ?" ಮಾಸ್ಟ್ರು ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. "ನನಗೆ ಅವರನ್ನು ಉಳಿಸ್ಬೇಕುಂತ ಉಂಟು. ಆದ್ರೆ ಹಿಡಿದುಕೊಳ್ಳಲಿಕ್ಕೆ ಒಂದು ಕಡ್ಡಿಯಾದ್ರೂ ಬೇಕಲ್ಲ?"

ಮಧ್ಯಾಹ್ನ, ಮಕ್ಕಳು ಊಟಕ್ಕೆ ಹೋದ ಮೇಲೆ, ಖಾಲಿ ಒಂದನೇ ಕ್ಲಾಸಿನಲ್ಲಿ ನಾವಿಬ್ಬರೂ ಕುಳಿತೆವು. ಆ ಪುಟ್ಟ ಬೆಂಚುಗಳಲ್ಲಿ ದೊಡ್ಡವರು ಕೂತರೆ ಮೊಣಕಾಲು ಎದೆಗೆ ಬರುತ್ತದೆ. ಹರಿಣಾಕ್ಷಿ ಹಾಗೆಯೇ ಮುದುಡಿ ಕುಳಿತಿದ್ದರು.

"ಸ್ವರ ನನ್ನದೇ ಮೇಡಂ. ಕೇಳಿದ ಕೂಡ್ಲೇ ಗೊತ್ತಾಯ್ತು. ಆದ್ರೆ ಈ ಮಾತು ಯಾವಾಗ ಹೇಳಿದ್ದು, ಯಾರಿಗೆ ಹೇಳಿದ್ದು, ಒಂದೂ ನೆನಪಿಲ್ಲ. ಈಗ ನನಗೇ ಸಂಶಯ. ಹೇಳಿದ್ದೇನೋ ಏನೋ ಅಂತ."

ನಾನು ಫೋನಿನಲ್ಲಿ ಆ ತುಣುಕನ್ನು ಮತ್ತೆ ಮತ್ತೆ ಕೇಳಿದೆ. ಅವರು ಕಿವಿ ಮುಚ್ಚಿಕೊಂಡರು. ಕೇಳುತ್ತ ಕೇಳುತ್ತ ನನಗೆ ಏನೋ ಒಂದು ಸರಿಯಿಲ್ಲವೆನ್ನಿಸಿತು. ಸೆರಗಿನದ್ದಲ್ಲ, ಉಸಿರಿನದ್ದೂ ಅಲ್ಲ. ನನ್ನನ್ನು ಸಾಕಿದ ಅಜ್ಜಿ ಪಕ್ಕದಲ್ಲಿ ಕುಳಿತಿದ್ದರೆ ಈ ಆಟಕ್ಕೆ ಹೆದರುತ್ತಿರಲಿಲ್ಲ ಎಂದು ಹೊಳೆಯಿತು. ಯಾಕೆ ಹೆದರುತ್ತಿರಲಿಲ್ಲ?

"ಹರಿಣಾಕ್ಷಿ, ನೀವು ಸಣ್ಣವರಿರುವಾಗ ಮುಸ್ಸಂಜೆಗೆ ಹೊರಗಿಂದ ಯಾರಾದ್ರೂ ಕರೆದ್ರೆ ಎಂತ ಮಾಡ್ತಿದ್ರಿ?"

"ಓಗೊಡ್ಲಿಕ್ಕಿಲ್ಲ. ಇನ್ನೊಮ್ಮೆ ಕರೆಯುವವರೆಗೆ ಸುಮ್ಮನಿರ್ಬೇಕು." ಯೋಚಿಸದೆ ಉತ್ತರ ಬಂತು.

ನಮ್ಮ ಕಡೆಯ ಹಿರಿಯರ ನಂಬಿಕೆ ಅದು. ಪ್ರೇತ ಒಂದೇ ಸಲ ಕರೆಯುತ್ತದೆ, ಎರಡನೇ ಸಲ ಕರೆಯುವ ಶಕ್ತಿ ಅದಕ್ಕಿಲ್ಲ. ಅದಕ್ಕೇ ಮನುಷ್ಯರು ಒಬ್ಬರನ್ನೊಬ್ಬರು ಎರಡು ಸಲ ಕರೆಯುತ್ತಾರೆ. ನಾನು ಮನುಷ್ಯ, ಹೆದರಬೇಡ ಎಂದು ಗುರುತು ಹೇಳಿದ ಹಾಗೆ. ಕಾಡಂಚಿನ ಊರುಗಳಲ್ಲಿ ಬೆಳೆದವರ ನಾಲಗೆಗೆ ಇದು ಅಂಟಿಕೊಂಡೇ ಇರುತ್ತದೆ.

"ಈಗ ನೀವು ಆ ಘಾಟಿಯ ಹೆಣ್ಣು ಅಂತ ಗ್ರಹಿಸಿ. ನನ್ನನ್ನು ಕರೀರಿ, ನೋಡುವ."

ಹರಿಣಾಕ್ಷಿ ನನ್ನನ್ನೇ ನೋಡಿದರು. ಮತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ ಕರೆದರು.

"ಬಾ."

ಒಂದೇ ಒಂದು ಸಲ. ನಡು ಮಧ್ಯಾಹ್ನ, ಗೋಡೆಯಲ್ಲಿ ಆನೆ, ಇಲಿ, ಈರುಳ್ಳಿಯ ಚಿತ್ರಗಳು. ಆದರೂ ನನ್ನ ಕೈಯ ರೋಮ ಎದ್ದು ನಿಂತಿತು. ಕರೆದ ಮೇಲೆ ಆ ಸ್ವರ ಕೋಣೆಯಿಂದ ಹೊರಗೆ ಹೋಗಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

"ಫೋನಿನಲ್ಲಿರುವುದು ಹೀಗಲ್ಲ ಮೇಡಂ," ಎಂದರು ಮೆಲ್ಲಗೆ. "ಅದರಲ್ಲಿ ಎರಡೆರಡು ಸಲ ಕರೆದಿದ್ದೇನೆ. ನಾನು ಹಾಗೆ ಕರೆಯುವುದು ಮಕ್ಕಳನ್ನು." ಹೇಳುತ್ತಲೇ ದಡಕ್ಕನೆ ಎದ್ದು ನಿಂತರು. "ಅಯ್ಯೋ ದೇವರೇ! ಅಳಿಲು!"

ಲಾಕ್‌ಡೌನ್ ಸಮಯದಲ್ಲಿ, ಶಾಲೆಯಿಲ್ಲದ ಮಕ್ಕಳಿಗೆಂದು ಒಂದು ಕಲಿಕೆಯ ಆ್ಯಪಿಗೆ ಅವರು ಕತೆಗಳನ್ನು ಹೇಳಿಕೊಟ್ಟಿದ್ದರು. ನೆರೆಮನೆಯ ನಾಯಿಯ ಬೊಗಳು ಕೇಳಬಾರದೆಂದು ಕಂಬಳಿ ಹೊದ್ದು, ಫೋನನ್ನು ತುಟಿಯ ಹತ್ತಿರ ಹಿಡಿದು ರೆಕಾರ್ಡ್ ಮಾಡಿದ್ದು. ಅದರಲ್ಲೊಂದು, ದಾರಿ ತಪ್ಪಿದ ಅಳಿಲಿನ ಕತೆ. ಆ ಆ್ಯಪ್ ನಿಂತುಹೋಗಿತ್ತು. ಅವರ ಹಳೆಯ ಫೋನಿನಲ್ಲಿ ಮಾತ್ರ ಕತೆ ಉಳಿದಿತ್ತು. ಸಂಜೆ ಮನೆಯಿಂದ ತರಿಸಿ ಕೇಳಿದೆವು. ತಾಯಿ ಅಳಿಲು ಕರೆಯುತ್ತಿತ್ತು, "ಬಾ ಮರಿ, ಬಾ ಮರಿ. ಹತ್ತಿರ ಬಾ ಮರಿ. ಹೆದರಬೇಡ."

ಕಂಬಳಿಯೊಳಗಿನ ಉಸಿರೂ ಹಾಗೇ ಇತ್ತು. ಆಟ ಮಾಡಿದವರು 'ಮರಿ'ಯನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ನಿಧಾನ ಮಾಡಿದ್ದರು. ಅಷ್ಟೇ.

ಸಭೆಯ ದಿನ ಶಾಲೆಯ ಹಾಲ್ ತುಂಬಿತ್ತು. ಹರಿಣಾಕ್ಷಿ ಹಿಂದಿನ ಬಾಗಿಲ ಬಳಿ ನಿಂತಿದ್ದರು. ಅವರ ಪಕ್ಕದ ಕುರ್ಚಿಗಳೆಲ್ಲ ಖಾಲಿ. ಮಾಸ್ಟ್ರು ಮಾತು ಶುರು ಮಾಡುವ ಮೊದಲೇ ಎದುರಿನ ಸಾಲಿನಿಂದ ಒಬ್ಬರು ಎದ್ದರು.

"ಸ್ವರ ತನ್ನದು ಅಂತ ಅವರೇ ಹೇಳಿ ಆಯ್ತಲ್ಲ? ಇನ್ನು ಎಂತ ವಿಚಾರಣೆ ಮಾರಾಯ್ರೆ?"

ನಾನು ಭಾಷಣ ಮಾಡಲಿಲ್ಲ. ಮೊದಲು ಆಟದ ತುಣುಕು, ಅದರ ಬೆನ್ನಿಗೇ ಅಳಿಲಿನ ಕತೆ, ಎರಡನ್ನೂ ಮೈಕಿಗೆ ಹಿಡಿದೆ. ಹಿಂದಿನ ಸಾಲಿನವರು ಕತ್ತು ಚಾಚಿ ಕೇಳಿದರು. ಆದರೂ ಕೆಲವರ ಮುಖ ಸಡಿಲಾಗಲಿಲ್ಲ. "ಇದನ್ನು ಈಗ ಮಾಡಿ ತಂದದ್ದು ಅಲ್ಲ ಅಂತ ಎಂತ ಗ್ಯಾರಂಟಿ?" ಎಂದಿತು ಒಂದು ಸ್ವರ.

ಆಗ ಐಸಮ್ಮ ಎದ್ದರು. ಮೊಮ್ಮಗಳನ್ನು ದಿನವೂ ಶಾಲೆಗೆ ಬಿಡಲು ಬರುವ ಮುದುಕಿ. ಗಂಡುಮಕ್ಕಳೆಲ್ಲ ಗಲ್ಫಿನಲ್ಲಿ, ಮನೆಯ ಯಜಮಾನಿಕೆಯೆಲ್ಲ ಇವರದ್ದೇ.

"ನಿಮಗೆಲ್ಲ ತಲೆ ಸರಿ ಉಂಟಾ? ಪ್ರೇತ ಎರಡು ಸಲ ಕರೀತದಾ? ನಮ್ಮ ಊರಿನ ಪ್ರೇತಗಳಿಗೆ ಅಷ್ಟು ಮರ್ಯಾದೆ ಯಾವಾಗಿನಿಂದ ಬಂತು?"

ಹಾಲಿನಲ್ಲಿ ನಗು ಎದ್ದಿತು. ಐಸಮ್ಮ ನಗಲಿಲ್ಲ.

"ಈ ಟೀಚರಿಗೆ ಪ್ರೇತದ ಮಾತು ಹೇಳು ಅಂತ ಹೇಳಿದ್ರೆ ಒಂದೇ ಸಲ ಕರೀತಿದ್ರು. ನೆರಿಯದವರಿಗೆ ನಾವು ಕಲಿಸ್ಬೇಕಾ? ಎರಡು ಸಲ ಕರೆದದ್ದು ಅಂದ್ರೆ ಅದು ತಾಯಿ ಕರೆದದ್ದು. ಕಿವಿ ಉಂಟಲ್ಲ, ಕೇಳಿ ಒಮ್ಮೆ." ಮತ್ತೆ ಬಾಗಿಲ ಕಡೆ ತಿರುಗಿ, "ಬಾ ಮೋಳೆ, ಬಾ. ಇಲ್ಲಿ ಕೂತ್ಕೋ" ಎಂದು ಮಗಳನ್ನು ಕರೆದ ಹಾಗೆ ಕರೆದು ತಮ್ಮ ಪಕ್ಕದ ಕುರ್ಚಿ ತೋರಿಸಿದರು.

ನಾನು ಮೈಕಿಗೆ ಹಿಡಿದದ್ದರಿಂದ ಆಗದ್ದು ಆ ಮಾತಿನಿಂದ ಆಯಿತು. ಹಾಲಿನಲ್ಲಿದ್ದ ಹಿರಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಮಕ್ಕಳನ್ನು ಶಾಲೆ ಬಿಡಿಸುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಹರಿಣಾಕ್ಷಿಯವರ ಕೆಲಸ ಉಳಿಯಿತು.

ಸುದ್ದಿ ಮೂಡುಬಿದಿರೆಗೆ ತಲುಪಿ, ಗೇಮ್ ಮಾಡಿದವರಲ್ಲಿ ಶರಣ್ ಎಂಬವನು ಆ ವಾರವೇ ಮಾಸ್ಟ್ರ ಕೋಣೆಗೆ ಬಂದ. ಹರಿಣಾಕ್ಷಿಯವರೂ ನಾನೂ ಅಲ್ಲಿದ್ದೆವು. ಕೆಟ್ಟ ಹುಡುಗನಲ್ಲ. ಮುಚ್ಚಿಹೋದ ಆ್ಯಪಿನ ಧ್ವನಿಗಳನ್ನೆಲ್ಲ ಹಕ್ಕು ಸಮೇತ ಕೊಂಡಿದ್ದರಂತೆ, ಯಾರ ಸ್ವರ ಎಂದು ಕೇಳಬೇಕೆಂದು ತೋಚಲಿಲ್ಲವಂತೆ.

"ಪ್ರಶ್ನೆ ಕೇಳಿದ್ದಕ್ಕೆಲ್ಲ ಸತ್ಯವೇ ಬರೆದಿದ್ದೇವೆ ಮೇಡಂ. ಬತ್ತಲೆ ಉಂಟಾ? ಇಲ್ಲ. ಕೆಟ್ಟ ಮಾತು ಉಂಟಾ? ಇಲ್ಲ. ಮುಟ್ಟುವುದು ಉಂಟಾ? ಅದೂ ಇಲ್ಲ. ಉಳಿದದ್ದೆಲ್ಲ ಆಡುವವರ ತಲೆಯೊಳಗೆ."

"ಆ ತಲೆಗೆ ಹನ್ನೆರಡು ವರ್ಷ, ಮಾರಾಯ," ಎಂದೆ.

ಹರಿಣಾಕ್ಷಿ ಬೈಯಲಿಲ್ಲ, ಅಳಲಿಲ್ಲ. "ತಮ್ಮಾ, ಅದನ್ನು ನನಗೆ ವಾಪಸ್ ಕೊಡ್ಲಿಕ್ಕೆ ಆಗ್ತದಾ?" ಎಂದಷ್ಟೇ ಕೇಳಿದರು.

ಆಟದಿಂದ ಆ ಸ್ವರವನ್ನು ತೆಗೆದರು. ದೂರಿನ ಮೇಲೆ ಆಟವನ್ನು ಆಡಿ ನೋಡಿದವರು ಅಂಕಿಯನ್ನು ಹದಿನೆಂಟಕ್ಕೆ ಏರಿಸಿದರು. ಗೆದ್ದೆವೆಂದು ಬಂಟ್ವಾಳದಲ್ಲಿ ಪಟಾಕಿ ಹೊಡೆದವರೂ ಇದ್ದರು. ಆದರೆ ಮೊದಲೇ ಇಳಿಸಿಕೊಂಡಿದ್ದ ಆಟ ಸಾವಿರಾರು ಫೋನುಗಳಲ್ಲಿ ಹಾಗೇ ಉಳಿಯಿತು. ಮರುವರ್ಷ ಬಿ.ಸಿ. ರೋಡಿನಲ್ಲಿ ಬಸ್ಸಿಗೆ ನಿಂತಿದ್ದಾಗ, ಅಪರಿಚಿತನೊಬ್ಬನ ಅಂಗಿಯ ಜೇಬಿನಿಂದ ಆ ಸ್ವರ ಕರೆಯಿತು. ರಿಂಗ್‌ಟೋನ್. ಅವನು ಫೋನ್ ತೆಗೆದು ತೀರಾ ಸಹಜವಾಗಿ ಅಡಿಕೆಯ ಧಾರಣೆ ಮಾತಾಡತೊಡಗಿದ. ಅವನು ಹತ್ತಿದ ಬಸ್ಸು ಹತ್ತಲು ನನಗೆ ಮನಸ್ಸಾಗಲಿಲ್ಲ.

ಅದೇ ದಿನ ಪಾಣೆಮಂಗಳೂರಿನ ಶಾಲೆಗೆ ಹೋಗುವುದಿತ್ತು. ಹರಿಣಾಕ್ಷಿಯವರ ಕ್ಲಾಸಿನ ಬಾಗಿಲಲ್ಲಿ ನಿಂತು ನೋಡಿದೆ. ಪಾಠ ಚೆನ್ನಾಗಿಯೇ ನಡೆದಿತ್ತು. ಹಿಂದಿನ ಬೆಂಚಿನ ಪೋರನೊಬ್ಬ ಬರೆಯದೆ ಕೂತಿದ್ದ. ಅವರು ಅವನನ್ನು ಕರೆಯಲಿಲ್ಲ. ಬೆಂಚುಗಳ ಸಂದಿಯಲ್ಲಿ ನುಸುಳಿ ಅವನ ಬಳಿಗೇ ಹೋಗಿ, ಕುಕ್ಕುರು ಕುಳಿತು ಕೈಹಿಡಿದು ಬರೆಸಿದರು. ಯಾವ ಮಗುವನ್ನೂ ಅವರು ಕರೆಯಲಿಲ್ಲ. ಅವರು 'ಬಾ' ಎಂದರೆ ಸಾಕು, ದೊಡ್ಡ ಕ್ಲಾಸಿನ ಹುಡುಗರು ಕಿಟಕಿಯ ಹೊರಗೆ ಕಿಸಕ್ಕನೆ ನಗುವುದು ಇನ್ನೂ ನಿಂತಿಲ್ಲ ಎಂದು ಮಾಸ್ಟ್ರು ಮೊದಲೇ ಹೇಳಿದ್ದರು.

ಈ ಪ್ರಕರಣದ ಬಳಿಕ ನನ್ನ ಕೆಲಸದ ಕ್ರಮವೇ ಬದಲಾಯಿತು. ಅಂಥ ವಿಡಿಯೋ, ಅಂಥ ಆಟ ಎಂದು ಶಾಲೆಗಳಿಂದ ದೂರು ಬಂದಾಗೆಲ್ಲ, ನೋಡಿದ ಮಕ್ಕಳ ವಯಸ್ಸೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ಕೇಳಲೇಬೇಕು. ಅದರ ಜೊತೆಗೆ ನಾನು ಇನ್ನೊಂದು ಕೇಳತೊಡಗಿದೆ: ಅದರೊಳಗೆ ಇರುವವರು ಯಾರು, ತಾವು ಅಲ್ಲಿರುವುದು ಅವರಿಗೆ ಗೊತ್ತುಂಟೇ? ಆ ಪ್ರಶ್ನೆ ಯಾವ ಪ್ರಶ್ನಾವಳಿಯಲ್ಲೂ ಇರಲಿಲ್ಲ.

ಅಂದು ಶಾಲೆ ಬಿಟ್ಟ ಮೇಲೆ ಹರಿಣಾಕ್ಷಿ ನನ್ನೊಟ್ಟಿಗೆ ಗೇಟಿನವರೆಗೆ ಬಂದರು. ಮೂರು ವರ್ಷದ ಮಗಳು ಅವರಿಗೆ. ಕೇಳಬಾರದಿತ್ತೋ ಏನೋ, ಕೇಳಿಬಿಟ್ಟೆ.

"ಮನೆಯಲ್ಲಿ ಮಗಳನ್ನಾದ್ರೂ ಕರೀತೀರಾ?"

"ಕರೀತೇನೆ ಮೇಡಂ," ಎಂದರು. "ಬಾಗಿಲು ಹಾಕಿ."