ಬಿರುಕಿಗೆ ಗಾಜು ಅಂಟಿಸಿದ ವಕೀಲರು

ಹಳೆಯ ಬೀದಿಗಳ ಪರವಾಗಿ ವಾದಿಸುವ ವಕೀಲರು ನಮ್ಮ ನಗರದಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಹಿರಿಯರಾದ, ಈಗ ವೃತ್ತಿಯಿಂದ ನಿವೃತ್ತರಾಗುತ್ತಿರುವ ಮಾನ್ಯರನ್ನು ಸಹೋದ್ಯೋಗಿಗಳು 'ಅನುಮಾನದ ವಕೀಲರು' ಎಂದೇ ಕರೆಯುತ್ತಾರೆ. ಎದುರಾಳಿಯ ಮಾತನ್ನಷ್ಟೇ ಅಲ್ಲ, ತಮ್ಮ ಕಕ್ಷಿದಾರರ ಮಾತನ್ನೂ ಪರೀಕ್ಷಿಸದೆ ನಂಬದಿರುವುದು ಅವರ ಕ್ರಮ. ನ್ಯಾಯಾಲಯದ ವರದಿಗಾರನಾಗಿ ಅದನ್ನು ನಾನು ಹತ್ತಿರದಿಂದ ಕಂಡದ್ದು ನಗರದ ಅತ್ಯಂತ ಹಳೆಯ ಬೀದಿಯ ಮೊಕದ್ದಮೆಯಲ್ಲಿ.

ಗೋಡೆಗೆ ಗೋಡೆ ಕೂಡಿದ ಅಲ್ಲಿನ ಮನೆಗಳೆಲ್ಲ ಕುಸಿಯುವ ಸ್ಥಿತಿಯಲ್ಲಿವೆ, ಕೆಡವಬೇಕು ಎಂದು ನಗರಸಭೆ ನೋಟಿಸು ಹಚ್ಚಿತ್ತು. ವಕೀಲರು ಶುಲ್ಕವಿಲ್ಲದೆ ವಾದಿಸಲು ಮುಂದಾದರು. ಬೀದಿಗೆ ಅದೇ ಗುಮಾನಿ.

"ಫೀಸು ಬೇಡ ಅನ್ನೋ ಲಾಯರನ್ನ ಎಲ್ಲಾದ್ರೂ ಕಂಡಿದೀಯೇನಕ್ಕಾ? ನನ್ನ ಮೂಲೆ ಮನೆ ಮೇಲೆ ಕಣ್ಣಿರ್ಬೇಕು," ಎಂದರು ಬೀಗ ರಿಪೇರಿಯವರು.

"ನಿನ್ನ ಮನೆ ಮೇಲೆ ಇಲಿಗೂ ಕಣ್ಣಿಲ್ಲ ಬಿಡಣ್ಣ," ಎಂದರು ಮಧ್ಯದ ಮನೆಯ ಟೈಲರಮ್ಮ. ಆದರೂ ವಕೀಲರು ಬಂದಾಗ ಆಕೆ ಒಳಕೋಣೆಗೆ ಬೀಗ ಜಡಿದೇ ನಡುಮನೆ ತೋರಿಸಿದರು.

ವಕೀಲರು ಪ್ರತಿ ಮನೆಯ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿಸಿದರು. ಗೋಡೆ ಅಲುಗುತ್ತಿದ್ದರೆ ಗಾಜು ಸೀಳುತ್ತದೆ. ಇಲ್ಲವಾದರೆ ಬಿರುಕು ಹಳೆಯದು, ಮನೆ ಗಟ್ಟಿ. ಯಾರೂ ಮುಟ್ಟದಂತೆ ಮೇಲೆ ಜಾಲರಿ ಬಡಿಸಿ, ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದರು.

"ನಮ್ಮನೇಲಿ ನಮ್ಮನ್ನೇ ಕಳ್ಳರು ಮಾಡ್ಬಿಟ್ರಲ್ಲ!" ಎಂದು ಬೀದಿ ಗೊಣಗಿತು.

ಮಳೆಗಾಲ ಕಳೆದಾಗ ಟೈಲರಮ್ಮನ ಮನೆಯದೊಂದನ್ನು ಬಿಟ್ಟು ಎಲ್ಲ ಗಾಜೂ ಇಡಿಯಾಗಿದ್ದವು. ಮನೆ ಕೆಡವಲು ನಗರಸಭೆ ಗೊತ್ತುಮಾಡಿದ್ದ ಗುತ್ತಿಗೆದಾರನನ್ನು ಬೀದಿ ಶಂಕಿಸಿತು, ಟೈಲರಮ್ಮ ವಕೀಲರನ್ನು, ವಕೀಲರು ಬೀಗ ರಿಪೇರಿಯವರನ್ನು. ಹೊಸ ಗಾಜು ಇಟ್ಟು, ಜಾಲರಿಯ ಸುತ್ತ ಎಲ್ಲರ ಸಹಿಯಿದ್ದ ಕಾಗದ ಅಂಟಿಸಿದರು. ಕಾಗದ ಹರಿಯಲಿಲ್ಲ, ಗಾಜು ಮತ್ತೆ ಸೀಳಿತು.

"ಇದನ್ನ ಕೋರ್ಟಿಗೆ ತೋರಿಸ್ಬೇಡಿ ಸ್ವಾಮಿ, ನನ್ನ ಮನೆ ಹೋಗುತ್ತೆ," ಎಂದು ಟೈಲರಮ್ಮ ಅಂಗಲಾಚಿದರು.

"ಮುಚ್ಚಿಟ್ರೆ ಉಳಿದ ಗಾಜನ್ನ ಯಾರಮ್ಮಾ ನಂಬ್ತಾರೆ? ಆಮೇಲೆ ಗೋಡೆ ಬೀಳೋದು ನಿಮ್ಮ ತಲೆ ಮೇಲೇ."

ಒಡೆದ ಗಾಜನ್ನೇ ಅವರು ಮೊದಲು ನ್ಯಾಯಾಧೀಶರ ಮುಂದಿಟ್ಟರು. ಬೀದಿ ಹಿಡಿಶಾಪ ಹಾಕಿತು. ತೀರ್ಪು ಬಂತು: ತಮಗೆ ಪ್ರತಿಕೂಲವಾದದ್ದನ್ನೂ ಮರೆಮಾಚದವರ ಉಳಿದ ಪುರಾವೆಯನ್ನು ನಂಬಬಹುದು, ಬೀದಿ ಉಳಿಯಬೇಕು, ಆ ಒಂದು ಗೋಡೆಯನ್ನು ನಗರಸಭೆಯೇ ಬಿಚ್ಚಿ ಮರಳಿ ಕಟ್ಟಿಸಬೇಕು. ಕೆಲಸ ಮುಗಿಯುವವರೆಗೂ ವಕೀಲರು ದಿನವೂ ಬಂದು ಗಾರೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ಟೈಲರಮ್ಮ ಈಗ ಅದೇ ಗೋಡೆಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡಿದ್ದಾರೆ. "ಇದರಿಂದ ಅವರಿಗೇನು ಲಾಭ ಅಂತ ಮಾತ್ರ ಇನ್ನೂ ಗೊತ್ತಾಗ್ಲಿಲ್ಲ ನೋಡಿ," ಎನ್ನುತ್ತಾರೆ.

ಅದರ ಹಿಂಬದಿಯ ಬೀದಿಗೂ ಈಗ ನೋಟಿಸು ಬಂದಿದೆ. ನಿವೃತ್ತಿ ಹತ್ತಿರವಾದರೂ ಕಳೆದ ವಾರ ವಕೀಲರು ಹೋದಾಗ ಅಲ್ಲಿಯವರು ಕಿಟಕಿಯಿಂದಲೇ "ನಿಮ್ಮನ್ನ ಯಾರು ಕಳಿಸಿದ್ದು?" ಎಂದರಂತೆ. ಆ ಬೀದಿಯವರು ಬಾಗಿಲು ತೆರೆಯುವವರೆಗೂ ಕಾಯುವಷ್ಟು, ತೆರೆದ ಮೇಲೆ ಅವರನ್ನೂ ಶಂಕಿಸುವಷ್ಟು ಆಯುರಾರೋಗ್ಯ ವಕೀಲರಿಗಿರಲಿ.